ಗಾಳಿಯಂತ್ರದ ರೆಕ್ಕೆಗೆ ‘ಯಾವುದಾದರೂ ಹಗುರ ವಸ್ತು’ ಆಗದು

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಹೊಲದ ಮನೆಗೆ ತಾನೇ ಗಾಳಿಯಂತ್ರ ಮಾಡಿಕೊಂಡ ಸುದ್ದಿ ಬಂದಿತ್ತು. ಫೋಟೊ ನೋಡಿ ಖುಷಿಯಾಯಿತು. ಸುದ್ದಿಯ ಪಕ್ಕದಲ್ಲೇ ‘ನೀವೂ ಮಾಡಿ ನೋಡಿ’ ಎಂದು ಒಂದು ಚೌಕಟ್ಟು ಇತ್ತು. ಅದರಲ್ಲಿ ಡೈನಮೊ ಬಗ್ಗೆ ಆರು ಸಾಲು, ಬ್ಯಾಟರಿ ಬಗ್ಗೆ ಐದು ಸಾಲು. ರೆಕ್ಕೆಯ ಬಗ್ಗೆ ಮಾತ್ರ ಒಂದೇ ಸಾಲು: ತಗಡು, ಪೈಪು, ಹಳೆಯ ಫ್ಯಾನಿನ ರೆಕ್ಕೆ, ಯಾವುದಾದರೂ ಹಗುರ ವಸ್ತು ಬಳಸಬಹುದು. ಆ ಒಂದು ಸಾಲಿನ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಿ, ಆದರೆ ಅರ್ಧಕ್ಕೆ ಕತ್ತರಿಸಿ ಹಾಕಬೇಡಿ. ಅರ್ಧ ಓದಿ ಯಂತ್ರ ಮಾಡುವವರಿಂದಲೇ ತೊಂದರೆ.

ನಾನು ಮುಂಡರಗಿ ತಾಲ್ಲೂಕಿನವನು. ಕಪ್ಪತಗುಡ್ಡದ ಬುಡದಲ್ಲಿ ನಮ್ಮ ಊರು. ವಯಸ್ಸು 63, ಕಸುಬು ಬಡಿಗತನ. ಅಪ್ಪ ಚಕ್ಕಡಿ, ಕೂರಿಗೆ, ಕುಂಟೆ ಮಾಡುತ್ತಿದ್ದ; ನನ್ನ ಕಾಲಕ್ಕೆ ಅವು ಹೋಗಿ ಬಾಗಿಲು ಚೌಕಟ್ಟು, ಕಿಟಕಿ ಉಳಿದವು. ಗುಡ್ಡದ ಸಾಲಿನ ಮೇಲೆ ಕಂಪನಿಯವರ ದೊಡ್ಡ ಗಾಳಿಕಂಬಗಳು ತಿರುಗುವುದನ್ನು ನೋಡುತ್ತಾ, ಕೆಳಗೆ ನನ್ನ ಹೊಲದ ಮನೆಯಲ್ಲಿ ಕಂದೀಲು ಹಚ್ಚಿಕೊಂಡು ಕುಳಿತವನಿಗೆ ಒಂದು ದಿನ ಹಟ ಬಂತು. 2014ರಲ್ಲಿ ಮೊದಲ ಯಂತ್ರ ಏರಿಸಿದೆ. ತುದಿಯಿಂದ ತುದಿಗೆ 8 ಅಡಿ, ಅಂದರೆ ಒಂದೊಂದು ರೆಕ್ಕೆ 4 ಅಡಿ. ತಾಮ್ರದ ಸುರುಳಿಗಳನ್ನು ಗದಗಿನ ಮೋಟಾರ್ ವೈಂಡಿಂಗ್ ಅಂಗಡಿಯವರು ಸುತ್ತಿಕೊಟ್ಟರು. ರೆಕ್ಕೆಗೆ 3 ಎಂಎಂ ದಪ್ಪದ ಅಲ್ಯೂಮಿನಿಯಂ ತಗಡು ಕತ್ತರಿಸಿ, ನಡುವೆ ಒಂದು ಬಾಗು ಕೊಟ್ಟು, ಬುಡಕ್ಕೆ ಬೋಲ್ಟ್ ಹಾಕಿದೆ.

ಬಡಿಗನಾದ ನಾನು ಕಟ್ಟಿಗೆ ಬಿಟ್ಟು ತಗಡಿಗೆ ಯಾಕೆ ಹೋದೆ ಎಂದು ಈಗಲೂ ನಮ್ಮ ಮನೆಯಾಕೆ ಕೇಳುತ್ತಾಳೆ. ಗುಡ್ಡದ ಮೇಲಿನ ಬಿಳಿ ರೆಕ್ಕೆಗಳನ್ನು ನೋಡಿದ ಕಣ್ಣಿಗೆ ಕಟ್ಟಿಗೆ ಹಳೆಯ ಕಾಲದ್ದು ಅನ್ನಿಸಿತ್ತು. ಅಷ್ಟೇ ಕಾರಣ.

ಫೆಬ್ರುವರಿಯಲ್ಲಿ ಏರಿಸಿದ್ದು ಜೂನ್‌ವರೆಗೆ ಚೆನ್ನಾಗಿಯೇ ತಿರುಗಿತು. ಕಾರ ಹುಣ್ಣಿಮೆ ಕಳೆದ ಎಂಟನೆಯ ದಿನ, ರಾತ್ರಿ ಗಾಳಿ ಜೋರಾಯಿತು. ಬ್ಯಾಟರಿಯ ಹತ್ತಿರ ಒಂದು ವೈರು ಸಡಿಲಾಗಿ ಕಳಚಿತ್ತು, ನನಗೆ ಗೊತ್ತಿಲ್ಲ. ಬ್ಯಾಟರಿಗೆ ಕರೆಂಟು ಹರಿಯುತ್ತಿರುವ ತನಕ ಯಂತ್ರಕ್ಕೆ ಹೊರೆ ಇರುತ್ತದೆ, ಆ ಹೊರೆಯೇ ಅದರ ಲಗಾಮು. ವೈರು ಕಳಚಿತೋ, ನೊಗ ಹರಿದ ಹೋರಿಯಂತೆ ಓಡುತ್ತದೆ. ಸದ್ದು ಏರಿತು, ಶಿಳ್ಳೆ ಹೊಡೆದಂತಾಯಿತು, ಆಮೇಲೆ ಫಟ್ ಎಂದು ಒಂದು ಸಪ್ಪಳ. ಯಂತ್ರ ಕಂಬವನ್ನೇ ಅಲ್ಲಾಡಿಸುತ್ತಾ ಇನ್ನೆರಡು ರೆಕ್ಕೆಗಳಲ್ಲಿ ಕುಂಟುತ್ತಿತ್ತು. ಮೂರನೆಯದು ಎಲ್ಲಿ ಹೋಯಿತೆಂದು ಬೆಳಗಿನ ತನಕ ತಿಳಿಯಲಿಲ್ಲ. ಬೆಳಿಗ್ಗೆ ಪಕ್ಕದ ಹೊಲದ ಅಜ್ಜಿ ಬಂದು, “ಏ ಬಡಿಗ್ಯಾ, ನಿನ್ನ ಫ್ಯಾನು ನಮ್ಮ ಕೊಟ್ಟಿಗಿ ಹೊಕ್ಕೈತಿ, ಬಂದು ತಗೊಂಡ್ ಹೋಗು” ಅಂದಳು. ಕೊಟ್ಟಿಗೆಯ ತಗಡಿನ ಚಾವಣಿ ಸೀಳಿಕೊಂಡು ಹೋಗಿ ಗೋದಲಿಯ ಅಂಚಿನ ಕಟ್ಟಿಗೆಗೆ ನಾಟಿತ್ತು. ಹುಣ್ಣಿಮೆಗೆ ಬಳಿದ ಬಣ್ಣ ಇನ್ನೂ ಕೋಡಿನಿಂದ ಮಾಸಿರದ ಎರಡು ಎತ್ತು ಒಂದು ಮಾರು ಆಚೆ ಕಟ್ಟಿದ್ದವು. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುರಿದ ತುಂಡನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಮುರಿದ ಅಂಚು ನೋಡಿದರೆ ಮುಕ್ಕಾಲು ಭಾಗ ಮಬ್ಬಾಗಿ ಕಪ್ಪಿಟ್ಟಿದೆ, ಕಾಲು ಭಾಗ ಮಾತ್ರ ಹೊಳೆಯುತ್ತದೆ. ಅಂದರೆ ಮುಕ್ಕಾಲು ಭಾಗ ಆ ರಾತ್ರಿಗಿಂತ ಎಷ್ಟೋ ದಿನ ಮೊದಲೇ ಸೀಳು ಬಿಟ್ಟಿತ್ತು. ಬೋಲ್ಟಿನ ತೂತಿನಿಂದ ಹೊರಟು ಒಳಗೊಳಗೇ ಬೆಳೆದಿತ್ತು. ನಾನು ಕೆಳಗೆ ನಿಂತು ನೋಡಿ ‘ಎಷ್ಟು ಚೆಂದ ತಿರುಗುತ್ತದೆ’ ಅನ್ನುತ್ತಿದ್ದೆ.

ತಂತಿಯನ್ನು ಅತ್ತ ಇತ್ತ ಬಾಗಿಸಿ ಬಾಗಿಸಿ ಮುರಿಯುತ್ತೇವಲ್ಲ, ಅದೇ ಇಲ್ಲಿ ಆಗುವುದು. ತಿರುಗುವ ರೆಕ್ಕೆ ಪ್ರತಿ ಸುತ್ತಿಗೂ ಒಮ್ಮೆ ತುಸು ಬಾಗಿ ಮರಳುತ್ತದೆ. ನಿಮಿಷಕ್ಕೆ 400 ಸುತ್ತು ಎಂದಿಟ್ಟುಕೊಳ್ಳಿ, ದಿನಕ್ಕೆ ಹತ್ತು ತಾಸು ಗಾಳಿ. 2 ಲಕ್ಷ 40 ಸಾವಿರ ಬಾಗು. ನಲವತ್ತು ದಿನಕ್ಕೆ ಕೋಟಿಯ ಹತ್ತಿರ. ಕಬ್ಬಿಣಕ್ಕೆ ಒಂದು ಮಿತಿ ಇದೆ: ಎಳೆತ ಆ ಮಿತಿಯೊಳಗೆ ಇದ್ದರೆ ಎಷ್ಟು ಬಾಗಿಸಿದರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಅಂಥ ಮಿತಿಯೇ ಇಲ್ಲ. ಇಂದಲ್ಲ ನಾಳೆ ಸೀಳು ಬಿಟ್ಟೇ ತೀರುತ್ತದೆ. ಹಾಗಂತ ಕಬ್ಬಿಣ ಹಾಕಿ ಅನ್ನುತ್ತಿಲ್ಲ. ಅದು ಭಾರ. ಒಂದೇ ಗಾತ್ರದ ಅಲ್ಯೂಮಿನಿಯಂಗಿಂತ ಮೂರು ಪಟ್ಟು, ಸಾಗುವಾನಿಗಿಂತ ಹನ್ನೆರಡು ಪಟ್ಟು.

ಭಾರ ಎಂದರೆ ಬರೀ ಕಂಬಕ್ಕೆ ಏರಿಸುವಾಗಿನ ಭಾರವಲ್ಲ. ನನ್ನದು 4 ಅಡಿಯ ರೆಕ್ಕೆ. ನಿಮಿಷಕ್ಕೆ 400 ಸುತ್ತಿನಲ್ಲಿ ಅದರ ತುದಿ ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ರೆಕ್ಕೆಯ ತೂಕ ಒಂದೇ ಒಂದು ಕಿಲೋ ಇದ್ದರೂ ಬುಡದ ಬೋಲ್ಟುಗಳನ್ನು 80 ಕಿಲೋ ಬಲದಿಂದ ಹೊರಗೆ ಎಳೆಯುತ್ತಿರುತ್ತದೆ, ಒಬ್ಬ ಆಳು ಜೋತುಬಿದ್ದ ಹಾಗೆ. ಸುತ್ತು ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಮೂರು ಕ್ವಿಂಟಲ್ ದಾಟುತ್ತದೆ. ವೈರು ಕಳಚಿದ ರಾತ್ರಿ ಆದದ್ದು ಇದೇ. ಹಳೆಯ ಸೀಲಿಂಗ್ ಫ್ಯಾನಿನ ರೆಕ್ಕೆ ಹಾಕುವವರಿಗೂ ಇದನ್ನೇ ಹೇಳುತ್ತೇನೆ: ಮನೆಯೊಳಗೆ ಅದಕ್ಕೆ ರೆಗ್ಯುಲೇಟರ್ ಇತ್ತು, ಆಷಾಢದ ಗಾಳಿಗೆ ರೆಗ್ಯುಲೇಟರ್ ಎಲ್ಲಿದೆ? ಅಲ್ಲದೆ ಫ್ಯಾನಿನ ರೆಕ್ಕೆ ಗಾಳಿಯನ್ನು ದೂಡಲು ಮಾಡಿದ್ದು, ಗಾಳಿಯಿಂದ ದುಡಿಮೆ ತೆಗೆಯಲು ಅಲ್ಲ.

ದೊಡ್ಡವರೂ ಈ ಪಾಠ ಕಲಿತದ್ದು ಹೀಗೆಯೇ. ನನ್ನ ಸೋದರಳಿಯ ಗುಡ್ಡದ ಮೇಲಿನ ಗಾಳಿಕಂಬಗಳ ರಿಪೇರಿ ತಂಡದಲ್ಲಿದ್ದಾನೆ. ಅವನು ಮೊಬೈಲಿನಲ್ಲಿ ಒಂದು ಹಳೆಯ ಫೋಟೊ ತೋರಿಸಿದ. ಅಮೆರಿಕದ ವರ್ಮಾಂಟ್‌ನಲ್ಲಿ 1941ರಲ್ಲಿ ಒಂದು ಬೆಟ್ಟದ ನೆತ್ತಿಯ ಮೇಲೆ 1,250 ಕಿಲೋವ್ಯಾಟಿನ ಯಂತ್ರ ನಿಲ್ಲಿಸಿದ್ದರಂತೆ, ಎರಡೇ ರೆಕ್ಕೆ, ತುಕ್ಕು ಹಿಡಿಯದ ಉಕ್ಕಿನದು, ಒಂದೊಂದು ಸುಮಾರು 8 ಟನ್. 1945ರ ಮಾರ್ಚ್ 26ರಂದು ಒಂದು ರೆಕ್ಕೆ ಬುಡದ ಹತ್ತಿರ ಮುರಿದು ಹಾರಿತು. ಆ ಯಂತ್ರ ಮತ್ತೆ ತಿರುಗಲಿಲ್ಲ. “ಮಾಮಾ, ನೀ ಅಷ್ಟ ಅಲ್ಲ ನೋಡು, ದೊಡ್ಡ ದೊಡ್ಡ ಇಂಜಿನಿಯರ್‌ಗಳೂ ಅದಾರ ನಿನ್ನ ಸಾಲಿನೊಳಗ” ಅಂದ. ಸಮಾಧಾನ ಹೇಳಿದನೋ ಚೇಷ್ಟೆ ಮಾಡಿದನೋ ಗೊತ್ತಾಗಲಿಲ್ಲ.

ಇಲ್ಲಿ ಕೆಲವರು, ‘ನೀರೆತ್ತುವ ಗಾಳಿಯಂತ್ರಕ್ಕೆ ತಗಡಿನ ರೆಕ್ಕೆಗಳೇ ಇದ್ದವಲ್ಲ’ ಎನ್ನಬಹುದು. ಸರಿಯೇ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ 1960ರ ದಶಕದಲ್ಲೇ ನೀರೆತ್ತುವ ಗಾಳಿಯಂತ್ರ ರೂಪಿಸಿತ್ತು. ಆದರೆ ಅಂಥವಕ್ಕೆ ಹತ್ತು ಹನ್ನೆರಡು ರೆಕ್ಕೆ, ನಿಧಾನದ ನಡಿಗೆ. ತುದಿ ಹೆಚ್ಚುಕಡಿಮೆ ಗಾಳಿಯಷ್ಟೇ ವೇಗದಲ್ಲಿ ಹೋಗುತ್ತದೆ. ಕರೆಂಟು ತೆಗೆಯುವ ಮೂರು ರೆಕ್ಕೆಯ ಯಂತ್ರದ ತುದಿ ಗಾಳಿಗಿಂತ ಐದಾರು ಪಟ್ಟು ವೇಗ. ಎತ್ತಿಗೆ ಕಟ್ಟುವ ಹಗ್ಗ ಬೇರೆ, ಬಾವಿಯ ಮಿಣಿ ಬೇರೆ.

ಎರಡನೆಯ ಸಲ ಪೈಪಿಗೆ ಹೋದೆ. ಬೋರ್‌ವೆಲ್ ಹಾಕಿಸಿದಾಗ ಉಳಿದ 8 ಇಂಚಿನ ನೀಲಿ ಕೇಸಿಂಗ್ ಪೈಪು ಬೇಲಿಗೆ ಒರಗಿ ಬಿದ್ದಿತ್ತು. ಉದ್ದಕ್ಕೆ ಮೂರು ಸೀಳು ಮಾಡಿ, ಬುಡ ಅಗಲ, ತುದಿ ಕಿರಿದಾಗುವಂತೆ ಓರೆಯಾಗಿ ಕೊಯ್ದರೆ ರೆಕ್ಕೆ ತಯಾರು. ಪೈಪಿನ ದುಂಡೇ ಬಾಗು ಕೊಡುತ್ತದೆ, ಓರೆ ಕೊಯ್ತವೇ ತಿರುಚು ಕೊಡುತ್ತದೆ. ಒಂದು ಮಧ್ಯಾಹ್ನದ ಕೆಲಸ. ಆಫ್ರಿಕಾದ ಮಲಾವಿಯಲ್ಲಿ ವಿಲಿಯಂ ಕಮ್‌ಕ್ವಾಂಬ ಎಂಬ ಹುಡುಗ ಬರಗಾಲದ ಹೊತ್ತಿನಲ್ಲಿ ಶಾಲೆ ಬಿಟ್ಟವನು, ಪೈಪನ್ನು ಬೆಂಕಿಗೆ ಹಿಡಿದು ಚಪ್ಪಟೆ ಮಾಡಿ ರೆಕ್ಕೆ ಕಟ್ಟಿ, ಸೈಕಲ್ ಡೈನಮೊದಿಂದ ಮನೆಗೆ ಬೆಳಕು ತಂದ. ಅವನ ಕೈಗೆ ಸಿಕ್ಕಿದ್ದು ಅದು, ಮತ್ತು ಸೈಕಲ್ ಡೈನಮೊಗೆ ಅದು ಸಾಕು. ಪೈಪನ್ನು ನಾನು ಹೀಗಳೆಯುವುದಿಲ್ಲ.

ಆದರೆ ನನ್ನ 4 ಅಡಿಗೆ ಅದು ಸಾಲಲಿಲ್ಲ. ಜೋರು ಗಾಳಿಗೆ ಬಾಳೆ ಎಲೆಯಂತೆ ಹಿಂದಕ್ಕೆ ಬಾಗಿತು. ಎರಡು ಸಲ ತುದಿ ಕಂಬಕ್ಕೆ ಬಡಿಯಿತು. ಪಿವಿಸಿ ಗಡುಸಿನಲ್ಲಿ ಸಾಗುವಾನಿಯ ಮೂರರಲ್ಲಿ ಒಂದು ಪಾಲೂ ಇಲ್ಲ, ತೂಕ ಮಾತ್ರ ಎರಡು ಪಟ್ಟು. ಏಪ್ರಿಲ್ ಬಿಸಿಲಿಗೆ ಗೋಡೆಗೆ ಒರಗಿಸಿಟ್ಟಿದ್ದ ಹೆಚ್ಚುವರಿ ರೆಕ್ಕೆಯೊಂದು ತಾನಾಗಿಯೇ ಬಿಲ್ಲಾಗಿತ್ತು. ಎರಡನೆಯ ವರ್ಷಕ್ಕೆ ನೀಲಿ ಹೋಗಿ ಬೂದಿ ಬಣ್ಣ, ಬೆರಳಿಗೆ ಸುಣ್ಣದಂತೆ ಪುಡಿ. ಇಳಿಸುವಾಗ ಕೈಜಾರಿ ಬಿದ್ದದ್ದು ಮಡಕೆಯಂತೆ ಚೂರಾಯಿತು. ಬಿಸಿಲು ಅದರೊಳಗಿನ ಜೀವ ತಿಂದಿತ್ತು. ಆದ್ದರಿಂದ ನನ್ನ ಲೆಕ್ಕ ಇಷ್ಟು: ಎರಡು, ಎರಡೂವರೆ ಅಡಿಯ ರೆಕ್ಕೆಗೆ ಪೈಪು ನಡೆಯುತ್ತದೆ, ಪೈಪಿನ ಅಡ್ಡಳತೆ ರೆಕ್ಕೆಯ ಉದ್ದದ ಐದನೆಯ ಒಂದು ಪಾಲಾದರೂ ಇರಬೇಕು, ಕೊಯ್ದ ಅಂಚಿನಲ್ಲಿ ಗರಗಸದ ಒಂದು ಕಚ್ಚೂ ಉಳಿಯದಂತೆ ಪಾಲಿಶ್ ಪೇಪರಿನಿಂದ ಉಜ್ಜಬೇಕು, ಸೀಳು ಹೊರಡುವುದು ಆ ಕಚ್ಚಿನಿಂದಲೇ, ಎರಡು ವರ್ಷಕ್ಕೆ ಚೆನ್ನಾಗಿ ಕಂಡರೂ ತೆಗೆದು ಬಿಸಾಕಬೇಕು.

ಕಡೆಗೆ ನನ್ನ ಕಸುಬಿಗೇ ಮರಳಿದೆ. ಕಟ್ಟಿಗೆ ಹುಟ್ಟಿನಿಂದಲೇ ಬಾಗುವ ವಸ್ತು. ಮರ ನೂರು ವರ್ಷ ನಿಂತು ಮಾಡುವುದೇ ಗಾಳಿಗೆ ಬಾಗಿ ಮತ್ತೆ ನೆಟ್ಟಗಾಗುವ ಕೆಲಸ. ಹಗುರ, ಗಡುಸು, ಕೋಟಿ ಸಲ ಬಾಗಿಸಿದರೂ ಬೇಗ ದಣಿಯದು, ಮುರಿಯುವ ಮುಂಚೆ ಬಹುಮಟ್ಟಿಗೆ ಚಟಚಟ ಅಂದು ಎಚ್ಚರಿಸುತ್ತದೆ. ಅಮೆರಿಕದಲ್ಲಿ ಹಳ್ಳಿಗಳಿಗೆ ಕರೆಂಟಿನ ತಂತಿ ಬರುವ ಮೊದಲು ಜೇಕಬ್ಸ್ ಎಂಬವರ ಯಂತ್ರಗಳು ಸಾವಿರಾರು ಹೊಲದ ಮನೆಗಳಲ್ಲಿ ತಿರುಗಿದವು, ಮೂರೂ ರೆಕ್ಕೆ ಸ್ಪ್ರೂಸ್ ಮರದವು. ಸ್ಕಾಟ್ಲೆಂಡಿನ ಸ್ಕೊರೇಗ್ ಎಂಬ, ರಸ್ತೆಯೇ ಹೋಗದ ಕಡಲಂಚಿನ ಊರಲ್ಲಿ ಹ್ಯೂ ಪಿಗಟ್ ದಶಕಗಳಿಂದ ಕಟ್ಟಿಗೆಯ ರೆಕ್ಕೆ ಕೆತ್ತಿ, ಬೇರೆಯವರಿಗೂ ಕಲಿಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಸ್ಪ್ರೂಸ್ ಇಲ್ಲ. ಹಾಗಾದರೆ ಯಾವ ಕಟ್ಟಿಗೆ?

ಜಾಲಿ ಬೇಡ. ಚಕ್ಕಡಿಯ ಗಾಲಿಗೆ ಅದರಂಥದ್ದು ಇನ್ನೊಂದಿಲ್ಲ, ಆದರೆ ಭಾರ. ಮತ್ತಿ, ಹೊನ್ನೆಯೂ ಭಾರವೇ. ನೀಲಗಿರಿಯನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಅದರ ಎಳೆ ಹಗ್ಗ ಹೊಸೆದಂತೆ ಸುತ್ತಿಕೊಂಡಿರುತ್ತದೆ, ಒಣಗುತ್ತಾ ತಿರುಚುತ್ತದೆ, ಸೀಳುತ್ತದೆ. ಬಿದಿರನ್ನೂ ಪ್ರಯತ್ನಿಸಿದೆ. ಎಳೆತ ತಾಳುವುದರಲ್ಲಿ ಅದಕ್ಕೆ ಸಮ ಇಲ್ಲ, ಆದರೆ ಟೊಳ್ಳು, ಗೆಣ್ಣು, ಉದ್ದಕ್ಕೆ ಸೀಳುವ ಗುಣ. ಸಿಬಿರು ಮಾಡಿ ಅಂಟಿಸಿದರೆ ಒಳ್ಳೆಯ ರೆಕ್ಕೆಯಾಗುತ್ತದೆ, ಅಷ್ಟು ತಾಳ್ಮೆ ಇದ್ದವರಿಗೆ. ಕೃಷ್ಣಪಕ್ಷದಲ್ಲಿ ಕಡಿದ ಬಿದಿರಿಗೆ ಹುಳ ಬೀಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದ, ನನ್ನದಕ್ಕೆ ಬಿತ್ತು. ಪಕ್ಷ ನೋಡಿ ಕಡಿದಿದ್ದೆ, ನೀರಲ್ಲಿ ನೆನೆಹಾಕಿ ಹಿಟ್ಟಿನಂಶ ತೆಗೆಯುವುದನ್ನು ಮರೆತಿದ್ದೆ.

ಉಳಿದದ್ದು ಮೂರು. ಕಾಫಿ ತೋಟದವರು ನೆರಳಿಗೆ ಬೆಳೆಸುವ ಸಿಲ್ವರ್ ಓಕ್. ಹಗುರ, ಅಗ್ಗ, ಆದರೆ ಹುಳಕ್ಕೂ ನೀರಿಗೂ ಬೇಗ ಸೋಲುತ್ತದೆ, ಬಣ್ಣ ಬಳಿಯದೆ ಬಿಡುವಂತಿಲ್ಲ. ಹೆಬ್ಬೇವು, ಇತ್ತೀಚೆಗೆ ರೈತರು ಪ್ಲೈವುಡ್‌ನವರಿಗೆಂದು ಬೆಳೆಯುತ್ತಿದ್ದಾರೆ, ಹಗುರ, ಎಳೆ ನೆಟ್ಟಗೆ, ರಂದಾ ಹೊಡೆಯುವುದು ಬೆಣ್ಣೆ ತೆಗೆದಂತೆ. ಎಳೆಯ ಮರದ್ದು ಬೇಡ, ದಪ್ಪ ಮರದ ಹಲಗೆ ಸಿಕ್ಕರೆ ಮಾತ್ರ. ಮೂರನೆಯದು ಸಾಗುವಾನಿ. ಮೇಲಿನ ಎರಡಕ್ಕಿಂತ ತುಸು ಭಾರ, ಆದರೆ ಮಳೆಗೆ ಉಬ್ಬದು, ಬಿಸಿಲಿಗೆ ತಿರುಚದು, ಮೈಯಲ್ಲೇ ಎಣ್ಣೆ ಇದೆ. ಹೊಸ ಸಾಗುವಾನಿಯ ಬೆಲೆ ಕೇಳಿದರೆ ಎದೆ ಒಡೆಯುತ್ತದೆ. ನಾನು ಕೊಂಡಿಲ್ಲ. ನಮ್ಮ ಕಡೆ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಕಟ್ಟುತ್ತಿದ್ದಾರೆ. ಉಳ್ಳವರ ಮನೆಯ ತೊಲೆಗಳು ಸಾಗುವಾನಿಯವು. ಅರವತ್ತು, ಎಪ್ಪತ್ತು ವರ್ಷ ಸೂರಿನಡಿ ಒಣಗಿ ಹದಗೊಂಡ ಕಟ್ಟಿಗೆ, ಬಚ್ಚಲ ಒಲೆಗೆ ಹೋಗುತ್ತಿರುತ್ತದೆ. ಅಂಥ ಒಂದು ತೊಲೆ ತಂದು ಸೀಳಿಸಿದಾಗ ಬಂದ ವಾಸನೆಗೆ ಅಂಗಡಿಗೆ ಬಂದವರೆಲ್ಲ ನಿಂತು ಮೂಗರಳಿಸಿದರು. ಒಂದು ಎಚ್ಚರ: ಹಳೆಯ ಮೊಳೆ ಹೊಕ್ಕಲ್ಲಿ ತುಕ್ಕು ಇಳಿದು ಸುತ್ತಲಿನ ಕಟ್ಟಿಗೆ ಕಪ್ಪಾಗಿ ಮೆತ್ತಗಾಗಿರುತ್ತದೆ. ಆ ಭಾಗ ಬಿಟ್ಟುಬಿಡಬೇಕು, ಗರಗಸದ ಹಲ್ಲಿಗೂ ಒಳ್ಳೆಯದು.

ಮರದ ಹೆಸರಿಗಿಂತ ಹಲಗೆ ಮುಖ್ಯ. ಎಂಥ ಸಾಗುವಾನಿಯಾದರೂ ಗಂಟು ಇದ್ದರೆ ಆ ಹಲಗೆ ಬಾಗಿಲಿಗೆ ಇರಲಿ. ಚೇಗು ಬೇಕು, ಹೊರಗಿನ ಬಿಳಿ ಭಾಗ ಬೇಡ. ಎಳೆ ಹಲಗೆಯ ಉದ್ದಕ್ಕೆ ನೆಟ್ಟಗೆ ಹೋಗಬೇಕು. 15 ಇಂಚು ಉದ್ದಕ್ಕೆ 1 ಇಂಚಿಗಿಂತ ಹೆಚ್ಚು ಓರೆಯಾದರೆ ರೆಕ್ಕೆ ಆ ಓರೆಯಲ್ಲೇ ಸೀಳುತ್ತದೆ. ಎಳೆ ಕಣ್ಣಿಗೆ ಕಾಣದಿದ್ದರೆ ರಂದಾ ಹೊಡೆದ ಮೈಮೇಲೆ ಮಸಿಯ ಒಂದು ಹನಿ ಬಿಡಿ, ಮಸಿ ಎಳೆಯ ಗುಂಟ ಹರಿದು ದಾರಿ ತೋರಿಸುತ್ತದೆ. ತೂಕಕ್ಕೆ ತಕ್ಕಡಿ ಬೇಕಿಲ್ಲ. ಹಲಗೆಯ ಒಂದು ತುಂಡನ್ನು ಬಕೆಟ್ ನೀರಿನಲ್ಲಿ ಮಟ್ಟಸವಾಗಿ ತೇಲಬಿಡಿ: ದಪ್ಪದಲ್ಲಿ ಅರ್ಧ ಮುಳುಗಿದರೆ ನೀರಿನ ಅರ್ಧ ತೂಕದ ಕಟ್ಟಿಗೆ, ರೆಕ್ಕೆಗೆ ಬಲು ಚೆನ್ನ. ಮೂರರಲ್ಲಿ ಎರಡು ಪಾಲು ಮುಳುಗಿದರೂ ಆದೀತು. ಅದಕ್ಕಿಂತ ಆಳ ಹೋದರೆ ಮಣೆ ಮಾಡಿಕೊಳ್ಳಿ. ಮೂರೂ ರೆಕ್ಕೆ ಒಂದೇ ಮರದ್ದು, ಸಾಧ್ಯವಾದರೆ ಒಂದೇ ಹಲಗೆಯದು ಇರಲಿ. ಬೇರೆ ಬೇರೆ ಮರದ್ದಾದರೆ ಮಳೆಗಾಲದಲ್ಲಿ ಒಂದು ಹೆಚ್ಚು ನೀರು ಕುಡಿದು ಭಾರವಾಗಿ, ಬೇಸಿಗೆಯಲ್ಲಿ ಸರಿ ಇದ್ದ ಸಮತೋಲ ಶ್ರಾವಣದಲ್ಲಿ ತಪ್ಪುತ್ತದೆ. ನನ್ನ 4 ಅಡಿಯ ರೆಕ್ಕೆಗೆ 6 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ ಸಾಕಾಯಿತು.

ಕೆತ್ತಿದ ಮೇಲೆ ಅಗಸೆ ಎಣ್ಣೆ. ನಮ್ಮ ಗಾಣದ ಹಸಿ ಎಣ್ಣೆ ಚಟ್ನಿಗೆ ಸರಿ, ರೆಕ್ಕೆಗೆ ತಿಂಗಳಾದರೂ ಅಂಟಂಟು ಬಿಡುವುದಿಲ್ಲ. ಬಣ್ಣದ ಅಂಗಡಿಯಲ್ಲಿ ಸಿಗುವ, ಬೇಗ ಒಣಗುವ ಅಗಸೆ ಎಣ್ಣೆ ತರಬೇಕು. ತುದಿಯ ಅಡ್ಡ ಕೊಯ್ತಕ್ಕೆ ನಾಲ್ಕು ಕೈ ಬಳಿಯಬೇಕು, ಕಟ್ಟಿಗೆ ನೀರು ಕುಡಿಯುವುದು ಅಲ್ಲಿಂದಲೇ. ಎಣ್ಣೆ ಪೂರ್ತಿ ಒಣಗಿದ ಮೇಲೆ ಬಣ್ಣ. ಗಾಳಿಗೆ ಎದುರಾಗುವ ಅಂಚಿಗೆ ಇನ್ನೂ ಒಂದು ರಕ್ಷೆ ಬೇಕು, ಆ ವೇಗದಲ್ಲಿ ನಮ್ಮ ಕೆಮ್ಮಣ್ಣಿನ ಧೂಳೂ ಮಳೆಹನಿಯೂ ಅರ ಹಾಕಿ ಉಜ್ಜಿದಂತೆ ತಿನ್ನುತ್ತವೆ. ನೀರಿನ ಟ್ಯಾಂಕು ರಿಪೇರಿ ಮಾಡುವವರ ಹತ್ತಿರ ಸಿಗುವ ಗಾಜಿನ ನಾರಿನ ಬಟ್ಟೆಯನ್ನು ಎರಡು ಇಂಚು ಅಗಲಕ್ಕೆ ರೆಸಿನ್‌ನಲ್ಲಿ ಅಂಟಿಸಿದ್ದೇನೆ. ಪೂರ್ತಿ ರೆಕ್ಕೆಯನ್ನೇ ಫೈಬರಿನಲ್ಲಿ ಎರಕ ಹೊಯ್ಯಬಹುದು, ಆದರೆ ಅಚ್ಚು ಮಾಡುವ ಖರ್ಚಿಗೆ ಮೂರು ಜೊತೆ ಕಟ್ಟಿಗೆಯ ರೆಕ್ಕೆ ಆಗುತ್ತವೆ, ಅದನ್ನು ಉಜ್ಜಿದ ಪುಡಿ ಮೈಗೆ ತಗುಲಿದರೆ ತುರಿಕೆ ಎರಡು ದಿನ ಬಿಡುವುದಿಲ್ಲ.

ಫೈಬರ್ ಅಂದಾಗ ನೆನಪಾಯಿತು. ಒಮ್ಮೆ ಅಳಿಯ ಗುಡ್ಡದ ಮೇಲೆ ರಿಪೇರಿಗೆ ಕೊಯ್ದ ದೊಡ್ಡ ರೆಕ್ಕೆಯ ಅಂಗೈಯಗಲದ ತುಂಡು ತಂದು ನನ್ನ ಮುಂದೆ ಇಟ್ಟ. “ಇದರೊಳಗ ಏನೈತಿ ಹೇಳು ಮಾಮಾ.” ಮೇಲೂ ಕೆಳಗೂ ಗಾಜಿನ ನಾರಿನ ಪದರ, ನಡುವೆ ಹೋಳಿಗೆಯ ಹೂರಣದಂತೆ ಬೆಳ್ಳಗಿನ ಏನೋ ಒಂದು. ಉಗುರು ಊರಿ ನೋಡಿದೆ, ಮೂಸಿದೆ. ಕಟ್ಟಿಗೆ. ಬಾಲ್ಸಾ ಎಂಬ ಮರವಂತೆ, ಹೆಚ್ಚಾಗಿ ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ ಬೆಳೆಯುವುದು. ಕೆಲವು ರೆಕ್ಕೆಗಳಲ್ಲಿ ಅದರ ಬದಲು ಪಿವಿಸಿಯ ನೊರೆ ಇರುತ್ತದಂತೆ. ನಾನು ನಾಚಿಕೊಂಡು ಬಿಟ್ಟುಬಂದಿದ್ದ ಕಟ್ಟಿಗೆ ಅಲ್ಲಿ ಆ ಬಿಳಿ ರೆಕ್ಕೆಯ ಹೊಟ್ಟೆಯೊಳಗೇ ಕುಳಿತಿತ್ತು.

ಈಗಿನ ನನ್ನ ತೊಲೆಯ ರೆಕ್ಕೆಗಳು 2018ರಿಂದ ತಿರುಗುತ್ತಿವೆ. ಪ್ರತಿ ವರ್ಷ ಯುಗಾದಿಗೆ ಇಳಿಸಿ ಬುಡದ ತೂತುಗಳ ಸುತ್ತ ಸೀಳು ಬಿಟ್ಟಿದೆಯೇ ಎಂದು ನೋಡುತ್ತೇನೆ, ಬಣ್ಣ ಕೊಡುತ್ತೇನೆ. ಸಾಧಾರಣ ಗಾಳಿಗೆ ನೂರೈವತ್ತು ವ್ಯಾಟಿನ ಆಸುಪಾಸು ಬರುತ್ತದೆ. ಮೂರು ಬಲ್ಬು, ಒಂದು ಫ್ಯಾನು, ಮೊಬೈಲಿಗೆ ಸಾಕು. ಬ್ಯಾಟರಿಯ ವೈರಿಗೆ ಈಗ ಎರಡು ನಟ್ಟು, ಪಕ್ಕದಲ್ಲೇ ಒಂದು ಸ್ವಿಚ್ಚು. ಗಾಳಿ ಹುಚ್ಚೆದ್ದರೆ ಯಂತ್ರದಿಂದ ಇಳಿದು ಬರುವ ಮೂರೂ ವೈರುಗಳನ್ನು ಒಂದಕ್ಕೊಂದು ಕೂಡಿಸಿ ಯಂತ್ರವನ್ನು ತಡೆಯುತ್ತೇನೆ. ಕಂಬವನ್ನು ಅಜ್ಜಿಯ ಕೊಟ್ಟಿಗೆಯಿಂದ ದೂರಕ್ಕೆ ಸರಿಸಿದ್ದೇನೆ. ಅಜ್ಜಿ ಈಗಿಲ್ಲ, ಕೊಟ್ಟಿಗೆಯ ಚಾವಣಿಯಲ್ಲಿ ನಾನು ಹಾಕಿಕೊಟ್ಟ ತೇಪೆ ಇದೆ.

ಸಂಪಾದಕರೇ, ನಿಮ್ಮ ಚೌಕಟ್ಟಿನ ಆ ಸಾಲನ್ನು ತಿದ್ದಿ ಹಾಕಿ. ಆ ಹುಡುಗನ ಫೋಟೊವನ್ನು ಭೂತಗನ್ನಡಿ ಇಟ್ಟು ನೋಡಿದೆ: ತಗಡಿನ ರೆಕ್ಕೆ, ಬುಡಕ್ಕೆ ಎರಡೇ ಬೋಲ್ಟು, ಕಂಬ ಮನೆಯ ಅಂಗಳದಲ್ಲಿ, ಕೆಳಗೆ ಅವನ ತಂಗಿ ಇರಬೇಕು, ನಗುತ್ತಾ ನಿಂತಿದ್ದಾಳೆ. ಕಾರ ಹುಣ್ಣಿಮೆಗೆ ಇನ್ನು ಬಹಳ ದಿನ ಇಲ್ಲ. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಅವನಿಗೆ ಕೊಡಿ. ತೊಲೆಯಲ್ಲಿ ಇನ್ನೂ ಐದಡಿ ಉಳಿದಿದೆ, ಮೊಳೆಗಳನ್ನೆಲ್ಲ ತೆಗೆದಿಟ್ಟಿದ್ದೇನೆ. ಅವನ ಅಳತೆಯ ಮೂರು ರೆಕ್ಕೆಗೆ ಸಾಕು. ಉಳಿ, ರಂದಾ ನನ್ನವೇ ಇವೆ, ಬರುವಾಗ ಆ ತಗಡಿನವನ್ನು ಮೊದಲು ಇಳಿಸಿ ಬರಲಿ.

ಇತಿ ತಮ್ಮ ಓದುಗ,
ಒಬ್ಬ ಬಡಿಗ
ಮುಂಡರಗಿ ತಾಲ್ಲೂಕು, ಗದಗ ಜಿಲ್ಲೆ